ಪರವೂರಿನ ಪಂದ್ಯಕ್ಕೆ ಹೊರಟವರು

ಪೂಜೆಯ ಗದ್ದಲವೆಲ್ಲ ಅಡಗಿ, ಬೀದಿಬೀದಿಯ ಪೆಂಡಾಲುಗಳ ಬಿದಿರನ್ನು ಆಳುಗಳು ಒಂದೊಂದಾಗಿ ಬಿಚ್ಚುತ್ತಿದ್ದ 2025ರ ಅಕ್ಟೋಬರಿನ ಒಂದು ಬೆಳಗ್ಗೆ, ದಕ್ಷಿಣ ಕೋಲ್ಕತ್ತಾದ ಲೇಕ್ ಮಾರ್ಕೆಟ್ಟಿನ ಸಮೀಪದಲ್ಲಿ, ದಕ್ಷಿಣದೇಶದವರಿಗೋಸ್ಕರ ಕಾಫಿಪುಡಿಯನ್ನೂ ಬಾಳೆಯೆಲೆಯನ್ನೂ ಇಂದಿಗೂ ಮಾರುತ್ತಿರುವ ಅಂಗಡಿಗಳಿಂದ ನಾಲ್ಕು ಹೆಜ್ಜೆಯಾಚೆಗಿನ ಒಂದು ಮನೆಯಲ್ಲಿ, ಬರಿಯ ಕೇಳುಗನಾಗಿ ಕುಳಿತಿರುವ ಭಾಗ್ಯ ನನಗೆ ಒದಗಿತು. ಮನೆಯ ಯಜಮಾನರು ಮೈಸೂರು ಸೀಮೆಯವರು. ಬೆಂಗಳೂರಿನಲ್ಲಿ ಓದು ಮುಗಿಸಿ, ಸರ್ಕಾರದ ಒಂದು ಕಚೇರಿಯ ಕೆಲಸಕ್ಕೆಂದು ಎಪ್ಪತ್ತರ ದಶಕದ ಮೊದಲಲ್ಲಿ ಇಲ್ಲಿಗೆ ಬಂದು, ನಿವೃತ್ತರಾದ ಮೇಲೆಯೂ ಹಿಂದಿರುಗದೆ ಉಳಿದವರು. ಮೋಹನ್ ಬಾಗಾನ್ ತಂಡದ ಹಸಿರು-ಮರೂನು ಬಣ್ಣ ಅವರಿಗೆ ಅಂಟಿ ಬಹುಕಾಲವಾಗಿದೆ. ಎದುರಿಗೆ ಕುಳಿತಿದ್ದವನು ಅವರ ತಂಗಿಯ ಮಗ. ಕಚೇರಿಯ ಕೆಲಸದ ನೆಪದಲ್ಲಿ ಬಂದಿದ್ದನಾದರೂ, ಬಂದ ಉದ್ದೇಶ ಬೇರೆ ಎಂಬುದನ್ನು ಅವನ ಮಡಿಲಲ್ಲಿದ್ದ ನೋಟುಪುಸ್ತಕವೇ ಹೇಳುತ್ತಿತ್ತು. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಮೆಟ್ಟಿಲುಗಳ ಮೇಲೆ ತೊಂಬತ್ತು ನಿಮಿಷವೂ ನಿಂತೇ ಕೂಗುವ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗದವನು ಅವನು. ಬೆಂಗಳೂರು ಎಫ್‌ಸಿ ತಂಡ ಮುಂದಿನ ಸಲ ಕೋಲ್ಕತ್ತಾಕ್ಕೆ ಆಡಲು ಬಂದಾಗ ನಲವತ್ತು ಮಂದಿಯನ್ನು ಕರೆತರುವ ಹೊಣೆಯನ್ನು ತಾನಾಗಿಯೇ ಹೊತ್ತುಕೊಂಡಿದ್ದನು. ಇಬ್ಬರ ಮಾತನ್ನೂ ನೆನಪಿದ್ದಷ್ಟು ಇಲ್ಲಿ ಇಳಿಸಿದ್ದೇನೆ. ಅವರು ಆಡಿದ್ದು ಇಷ್ಟು ಒಪ್ಪವಾಗಿರಲಿಲ್ಲ. ನಡುನಡುವೆ ಕಾಫಿಯೂ, ಅತ್ತೆಯವರ ಗದರಿಕೆಯೂ ಬಂದವು.

ಮಾವ: ಅಲ್ಲವಯ್ಯಾ, ಲೀಗನ್ನು ನಡೆಸುವವರಿಗೂ ಫುಟ್‌ಬಾಲ್ ಒಕ್ಕೂಟಕ್ಕೂ ಇರುವ ಒಪ್ಪಂದ ಡಿಸೆಂಬರಿನಲ್ಲಿ ತೀರುವುದೆಂದು ಜುಲೈಯಲ್ಲಿಯೇ ಪಂದ್ಯಾವಳಿಯನ್ನು ತಡೆಹಿಡಿದಿದ್ದಾರೆ. ವೇಳಾಪಟ್ಟಿ ಹೊರಬಿದ್ದಿಲ್ಲ, ಆಟ ನಡೆಯುತ್ತದೆಯೋ ಇಲ್ಲವೋ ಹೇಳುವವರಿಲ್ಲ. ನೀನಾದರೋ ನಲವತ್ತು ಜನಕ್ಕೆ ಹಾಸಿಗೆ ಹುಡುಕುತ್ತಿರುವೆ. ಹೆಣ್ಣು ಗೊತ್ತಾಗುವ ಮೊದಲೇ ದಿಬ್ಬಣಕ್ಕೆ ಬಸ್ಸು ಗೊತ್ತುಮಾಡುವ ವೈಖರಿ ಇದು.

ಅಳಿಯ: ಹೆಣ್ಣು ಗೊತ್ತಾದ ಐದನೆಯ ದಿವಸಕ್ಕೆ ಮುಹೂರ್ತವಿಟ್ಟರೆ ಏನಾಗುತ್ತದೆಂಬುದನ್ನು ಏಪ್ರಿಲ್ ತಿಂಗಳಿನಲ್ಲಿ ಉಂಡವನು ನಾನು, ಮಾವ. 6ನೆಯ ತಾರೀಖು ಭಾನುವಾರ ರಾತ್ರಿ ಗೋವಾದಲ್ಲಿ, ಇನ್ನೇನು ಹೆಚ್ಚುವರಿ ಸಮಯವೆಂದು ಎಲ್ಲರೂ ಅಂದುಕೊಂಡಿರುವಾಗ, ಛೆಟ್ರಿ ತಲೆಯಿಂದ ಗೋಲು ಹೊಡೆದು ನಮ್ಮನ್ನು ಫೈನಲ್ಲಿಗೆ ಒಯ್ದರು. ಮರುದಿನ ರಾತ್ರಿ ನಿಮ್ಮವರು ಜಮ್‌ಷೆಡ್‌ಪುರವನ್ನು ಸೋಲಿಸಿದ್ದೂ ಕೊಟ್ಟಕೊನೆಯ ಗಳಿಗೆಯಲ್ಲಿಯೇ. ಅಂತಿಮ ಪಂದ್ಯ 12ನೆಯ ತಾರೀಖು ಶನಿವಾರ ಸಾಲ್ಟ್ ಲೇಕಿನಲ್ಲಿ ಎಂಬುದು ಖಚಿತವಾಗುವಾಗ ಸೋಮವಾರದ ನಡುರಾತ್ರಿ ಸಮೀಪಿಸಿತ್ತು. ಬೆಂಗಳೂರಿನಿಂದ ಹೌರಾಕ್ಕೆ ಹತ್ತಿರಹತ್ತಿರ 1,950 ಕಿಲೋಮೀಟರು. ಗುರುವಾರವಾದರೂ ರೈಲು ಹತ್ತದಿದ್ದರೆ ಕೈಬಿಟ್ಟಂತೆಯೇ. ಹೊರಡುವ ಮುನ್ನಾದಿನ ಹತ್ತು ಗಂಟೆಗೆ ಎ.ಸಿ. ದರ್ಜೆಯ ತತ್ಕಾಲ್ ತೆರೆಯುವುದನ್ನೇ ಕಾದು ಹನ್ನೆರಡು ಮಂದಿ ಹನ್ನೆರಡು ಮೊಬೈಲು ಹಿಡಿದು ಕುಳಿತೆವು. ಸಿಕ್ಕಿದ ಚೀಟಿಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಸಾಕಾಗಿದ್ದವು. ಉಳಿದವರಲ್ಲಿ ವಿಮಾನದ ದರವನ್ನು ತಡೆದುಕೊಳ್ಳಬಲ್ಲವರು ಬಂದರು, ತಡೆಯಲಾರದವರು ಊರಲ್ಲಿಯೇ ಟಿ.ವಿ.ಯ ಮುಂದೆ ಕುಳಿತರು. ನಮ್ಮ ಬಳಗದಲ್ಲಿ ಯಾರ ಗಂಟಲು ಎಲ್ಲಕ್ಕಿಂತ ದೊಡ್ಡದೋ ಅವರ ಜೇಬು ಎಲ್ಲಕ್ಕಿಂತ ಚಿಕ್ಕದು. ಗೌತಮಪುರದ ಹುಡುಗರು, ಆಸ್ಟಿನ್ ಟೌನಿನ ಹುಡುಗರು. ತಾತನ ಕಾಲದಿಂದ ಚೆಂಡು ಒದ್ದ ಬೀದಿಗಳವರು. ಅವರಿಲ್ಲದ ಅವೇ ಸ್ಟ್ಯಾಂಡು ಎಂಥ ಸ್ಟ್ಯಾಂಡು?

ಮಾವ: ಹಾಗಾದರೆ ಈ ಸಲ ಎಲ್ಲರೂ ರೈಲಿನಲ್ಲಿಯೇ ಎಂದು ತೀರ್ಮಾನಿಸಿರುವೆಯೋ?

ಅಳಿಯ: ಎಲ್ಲರೂ ಒಂದೇ ರೈಲಿನಲ್ಲಿ. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಹೌರಾಕ್ಕೆ ನೇರ ಗಾಡಿಯಿದೆ. ಮೊದಲು ನಾಲ್ಕು ತಿಂಗಳು ಮುಂಚಿತವಾಗಿ ಸೀಟು ಕಾದಿರಿಸಬಹುದಾಗಿತ್ತು. 2024ರ ನವೆಂಬರಿನಿಂದ ಅದನ್ನು 60 ದಿನಕ್ಕೆ ಇಳಿಸಿದ್ದಾರೆ. ಲೀಗಿನವರು ಎರಡು ತಿಂಗಳು ಮೊದಲು ತಾರೀಖು ಹೇಳಿದರೆ ನನ್ನ ಅರ್ಧ ಕೆಲಸ ಮುಗಿದಂತೆ. ಹೇಳುವುದಿಲ್ಲ, ಹೇಳಿದರೂ ಟಿ.ವಿ.ಯವರ ಅನುಕೂಲಕ್ಕೆಂದು ಬದಲಿಸುತ್ತಾರೆ. ಪರಸ್ಥಳದಿಂದ ಬರುವ ಪ್ರೇಕ್ಷಕನೆಂಬ ಪ್ರಾಣಿಯೊಂದು ಈ ದೇಶದಲ್ಲಿದೆ ಎಂಬುದೇ ಅವರ ಲೆಕ್ಕದಲ್ಲಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 2016ರಿಂದೀಚೆಗೆ ಪ್ರವಾಸಿ ಬೆಂಬಲಿಗನಿಂದ ಟಿಕೇಟಿಗೆ 30 ಪೌಂಡಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅಲ್ಲಿನವನಿಗೆ ಮೂರು ತಾಸಿನ ಪಯಣ, ನಮ್ಮವನಿಗೆ ಒಂದೂವರೆ ದಿನದ್ದು. ಉಪಚಾರ ಮಾತ್ರ ತಲೆಕೆಳಗು.

ಮಾವ: ರೈಲಿನ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಬಾಲಸೋರದಲ್ಲಿ ನಿಲ್ಲುತ್ತದೆ. 2023ರ ಜೂನ್ 2ರ ಸಂಜೆ ಬಹಾನಗಾದಲ್ಲಿ ಡಿಕ್ಕಿಯಾದ ಮೂರು ಗಾಡಿಗಳಲ್ಲಿ ಒಂದು ನೀನು ಹೇಳುತ್ತಿರುವ ಇದೇ ಬೆಂಗಳೂರು–ಹೌರಾ ಗಾಡಿ. ಆ ರಾತ್ರಿ ಈ ಬೀದಿಯಲ್ಲಿ ದಕ್ಷಿಣದವರ ಮನೆಗಳಲ್ಲಿ ಯಾರೂ ಮಲಗಲಿಲ್ಲ. ಅಂದಿನಿಂದ ನಮ್ಮವರು ಯಾರೇ ಹೊರಟರೂ, ಖರಗ್‌ಪುರ ದಾಟಿತೆಂಬ ಸುದ್ದಿ ಬರುವವರೆಗೆ ನಿಮ್ಮತ್ತೆ ಅಡುಗೆಮನೆಯಲ್ಲಿ ದೀಪವಾರಿಸುವುದಿಲ್ಲ.

ಅಳಿಯ: ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ವಿಮಾನದಲ್ಲಿ ನಲವತ್ತು ಜನ ನಲವತ್ತು ಗಿರಾಕಿಗಳು. ರೈಲಿನಲ್ಲಿ ಕಾಟ್ಪಾಡಿಗೆ ಬರುವಷ್ಟರಲ್ಲಿ ಪರಿಚಯ, ವಿಜಯವಾಡಕ್ಕೆ ಬರುವಷ್ಟರಲ್ಲಿ ಜಗಳ, ವಿಶಾಖಪಟ್ಟಣದಲ್ಲಿ ರಾಜಿ. ಭುವನೇಶ್ವರದ ಹೊತ್ತಿಗೆ ಒಂದು ಹೊಸ ಹಾಡು ಸಿದ್ಧವಾಗಿರುತ್ತದೆ. ಕ್ರೀಡಾಂಗಣದಲ್ಲಿ ಐವತ್ತು ಸಾವಿರ ಮಂದಿಯ ಎದುರು ನಲವತ್ತು ಗಂಟಲು ಒಂದಾಗಿ ಏಳಬೇಕಾದರೆ ಈ ಒಂದೂವರೆ ದಿನದ ಸಹವಾಸ ಬೇಕೇ ಬೇಕು.

ಮಾವ: ಆ ಪುಸ್ತಕ ಇಲ್ಲಿ ಕೊಡು.

(ಪುಸ್ತಕವನ್ನು ನಾನೂ ಇಣುಕಿ ನೋಡಿದೆ. ಹೆಸರು, ವಯಸ್ಸು, ಮೇಲಿನ ಬರ್ತೋ ಕೆಳಗಿನದೋ, ಸಸ್ಯಾಹಾರವೋ ಅಲ್ಲವೋ, ಎಷ್ಟು ದಿನದ ರಜೆ, ಮುಂಗಡ ಕೊಟ್ಟದ್ದೆಷ್ಟು ಎಂದು ಗೆರೆಹಾಕಿ ಅಂಕಣ ಮಾಡಿತ್ತು. ಕಡೆಯ ಅಂಕಣದಲ್ಲಿ ಮಾತ್ರ ‘ಖಂಡಿತ’, ‘ಬಹುಶಃ’, ‘ಹೆಂಡತಿಯನ್ನು ಕೇಳಿ’ ಎಂದು ಮೂರು ಬಗೆಯ ಉತ್ತರಗಳಿದ್ದು, ಮೊದಲನೆಯದರ ಎದುರಿಗೆ ಮುಂಗಡದ ಅಂಕಣ ಬಹುಪಾಲು ಬರಿದಾಗಿಯೂ, ಎರಡನೆಯದರ ಎದುರಿಗೆ ತುಂಬಿಯೂ ಇದ್ದುದು ಮನುಷ್ಯಸ್ವಭಾವದ ವಿಷಯದಲ್ಲಿ ನನಗೆ ವಿಶೇಷವಾಗಿ ತೋರಿತು.)

ಮಾವ: ಲೆಕ್ಕ ಚೆನ್ನಾಗಿಟ್ಟಿರುವೆ. ನನ್ನ ಕಚೇರಿಯಲ್ಲಿದ್ದರೆ ನಿನ್ನನ್ನು ಮೇಲಕ್ಕೆ ಶಿಫಾರಸು ಮಾಡುತ್ತಿದ್ದೆ. ವಸತಿಗೆ ಮಾತ್ರ ಇಲ್ಲಿ, ದಕ್ಷಿಣದಲ್ಲಿ ಹುಡುಕಬೇಡ. ಇಡ್ಲಿ ಸಿಕ್ಕುತ್ತದೆಂಬ ಆಸೆಗೆ ಬಿದ್ದು ಪಂದ್ಯದ ದಿನ ಅರ್ಧ ಊರು ಸುತ್ತಬೇಕಾದೀತು. ಸಿಯಾಲ್ದಾ ನಿಲ್ದಾಣದ ಸುತ್ತ ಅಗ್ಗದ ಲಾಡ್ಜುಗಳಿವೆ. ಈ ಆಗಸ್ಟಿನಲ್ಲಿ ಎಸ್‌ಪ್ಲನೇಡಿನಿಂದ ಸಿಯಾಲ್ದಾದ ತುಂಡೂ ತೆರೆದು, ಹೌರಾ ಮೈದಾನದಿಂದ ಸೆಕ್ಟರ್ ಐದರವರೆಗೆ ಮೆಟ್ರೊ ಒಂದೇ ಗೆರೆಯಾಗಿದೆ. ಹೌರಾದಲ್ಲಿ ರೈಲಿಳಿದವರು ನೆಲದೊಳಗೇ, ಗಂಗೆಯ ಅಡಿಯಿಂದಲೇ ಸಿಯಾಲ್ದಾಕ್ಕೆ ಬನ್ನಿ. ಪಂದ್ಯದ ದಿನ ಅಲ್ಲಿಂದ ಫೂಲ್‌ಬಾಗಾನ್, ಅದರಾಚೆಯ ನಿಲ್ದಾಣವೇ ಸಾಲ್ಟ್ ಲೇಕ್ ಸ್ಟೇಡಿಯಂ. ನಾನು ಬಂದ ಕಾಲದಲ್ಲಿ ಹೌರಾ ಸೇತುವೆಯ ಮೇಲೆ ಟ್ರಾಮು ಓಡುತ್ತಿತ್ತು. ಆಟವೆಂದರೆ ಮೈದಾನದ ಕ್ಲಬ್ಬುಗಳ ಮರದ ಗ್ಯಾಲರಿಗಳೇ. ಸಾಲ್ಟ್ ಲೇಕಿನ ಯುವಭಾರತಿ ಎದ್ದದ್ದು 1984ರಲ್ಲಿ. 1997ರ ಜುಲೈ 13ರಂದು ಫೆಡರೇಷನ್ ಕಪ್ಪಿನ ಸೆಮಿಫೈನಲ್ಲಿಗೆ ಅಲ್ಲಿ ಒಂದು ಲಕ್ಷದ ಮೂವತ್ತೊಂದು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಭೂಟಿಯಾ ಮೂರು ಗೋಲು ಹೊಡೆದ ಆ ದಿನದ ಸುದ್ದಿಯನ್ನು ಈ ಮನೆಯಲ್ಲಿ ಎತ್ತುವಂತಿಲ್ಲ. ಗೆದ್ದವರು ಈಸ್ಟ್ ಬೆಂಗಾಲಿನವರು.

ಅಳಿಯ: ಲಾಡ್ಜು ಸರಿ, ಮೆಟ್ರೊ ಸರಿ. ಇನ್ನು ಜರ್ಸಿಯ ಮಾತು.

ಮಾವ: ಅದನ್ನೇ ಹೇಳಬೇಕೆಂದಿದ್ದೆ. ನೀಲಿ ಅಂಗಿಯನ್ನು ಚೀಲದಲ್ಲಿಟ್ಟುಕೊಂಡು ಬನ್ನಿ. ಒಳಗೆ ನಿಮಗಾಗಿ ಬಿಟ್ಟ ಜಾಗಕ್ಕೆ ಹೋದ ಮೇಲೆ ತೊಟ್ಟುಕೊಳ್ಳಿ. ನಾಣ್ಯ, ನೀರಿನ ಬಾಟಲಿ, ಪವರ್ ಬ್ಯಾಂಕು ಇವನ್ನೆಲ್ಲ ಲಾಡ್ಜಿನಲ್ಲಿಯೇ ಬಿಟ್ಟು ಬನ್ನಿ. ಬಾಗಿಲಲ್ಲಿ ಕಸಿದುಕೊಂಡದ್ದು ಹಿಂದಿರುಗುವುದಿಲ್ಲ.

ಅಳಿಯ: ಚಿಲ್ಲರೆಯನ್ನು ಬಿಟ್ಟು ಬಂದೇವು, ಬಣ್ಣವನ್ನು ಬಿಟ್ಟು ಬರಲಾರೆವು. ಹೌರಾದಲ್ಲಿ ಇಳಿಯುವಾಗಲೇ ನೀಲಿ ಕಾಣಿಸಬೇಕು. ಮೆಟ್ರೊದಲ್ಲಿ ಒಬ್ಬ ಮುದುಕ ನಮ್ಮನ್ನು ನೋಡಿ, ‘ಬೆಂಗಳೂರಿನವರೋ, ಇವತ್ತು ಮೂರು ತಿನ್ನುತ್ತೀರಿ’ ಎಂದು ನಗಬೇಕು. ಅದಕ್ಕಾಗಿಯೇ ಅಲ್ಲವೇ ಬರುವುದು? ಮುಚ್ಚಿಟ್ಟುಕೊಂಡು ಬಂದವನು ಟಿಕೇಟು ಕೊಂಡ ಪ್ರೇಕ್ಷಕನಾದಾನೇ ಹೊರತು ಬೆಂಬಲಿಗನಾಗಲಾರ.

ಮಾವ: ನಗುವ ಮುದುಕನೇ ಸಿಕ್ಕುವನೆಂದು ನಿನಗೆ ಬರೆದುಕೊಟ್ಟವರು ಯಾರು? 1980ರ ಆಗಸ್ಟ್ 16ರಂದು ನಾನು ಇದೇ ಊರಿನಲ್ಲಿದ್ದೆ. ಈಡನ್ ಗಾರ್ಡನ್ಸಿನಲ್ಲಿ ಬಾಗಾನಿಗೂ ಈಸ್ಟ್ ಬೆಂಗಾಲಿಗೂ ಪಂದ್ಯ. ಒಂದೇ ಗ್ಯಾಲರಿಯಲ್ಲಿ ಎರಡು ಪಕ್ಷದವರನ್ನೂ ಕೂಡಿಸಿದ್ದರು. ಮೈದಾನದೊಳಗೆ ಇಬ್ಬರು ಆಟಗಾರರ ನಡುವೆ ಹೊತ್ತಿದ ಕಿಡಿ ಗ್ಯಾಲರಿಗೆ ಹತ್ತಿ, ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಸತ್ತರು. ಅವರೆಲ್ಲ ಒಂದೇ ಊರಿನವರು, ಒಂದೇ ಭಾಷೆಯವರು. ಇಂದಿಗೂ ಆ ದಿನ ಊರಲ್ಲಿ ರಕ್ತದಾನ ಮಾಡುತ್ತಾರೆ. ಅರ್ಜೆಂಟೀನಾದಲ್ಲಿ 2013ರಲ್ಲಿ ಒಂದು ಸಾವಾದ ಬಳಿಕ ಪರಸ್ಥಳದ ಬೆಂಬಲಿಗರು ಬರುವುದನ್ನೇ ನಿಷೇಧಿಸಿಬಿಟ್ಟರು. ನಾನು ಹೆದರುಪುಕ್ಕಲನಾಗಿ ಹೇಳುತ್ತಿಲ್ಲ. ನಲವತ್ತು ಮನೆಗಳ ಮಕ್ಕಳನ್ನು ಕರೆತರುವವನಿಗೆ ಇರತಕ್ಕ ಜವಾಬ್ದಾರಿಯನ್ನು ಹೇಳುತ್ತಿದ್ದೇನೆ.

ಅಳಿಯ: ನಿಷೇಧಿಸಿದ ಮೇಲೆ ಅಲ್ಲಿನ ಆಟ ಹೇಗಾಯಿತೆಂದು ಕೇಳಿ. ಒಂದೇ ಬಣ್ಣ, ಒಂದೇ ಕೂಗು. ಎದುರಾಳಿ ಗೋಲು ಹೊಡೆದಾಗ ಸ್ಮಶಾನ. ಎದುರುತ್ತರ ಕೊಡಲು ಯಾರೂ ಇಲ್ಲದ ಕಡೆ ಹೊಗಳಿಕೆಯೂ ಬೈಗುಳವೂ ಗೋಡೆಗೆ ಹೇಳಿದಂತೆಯೇ. ಅಷ್ಟೇಕೆ, ನಿಮ್ಮವರಿಂದಲೇ ನಾನು ಈ ವಿದ್ಯೆ ಕಲಿತದ್ದು. 2015ರ ಮೇ 31, ಕಂಠೀರವ. ಲೀಗು ಗೆಲ್ಲಲು ನಮಗೆ ಜಯವೇ ಬೇಕು, ಬಾಗಾನಿಗೆ ಸಮವಾದರೆ ಸಾಕು. ಜಾನ್ಸನ್ ಹೊಡೆದ ಗೋಲಿನಿಂದ ನಾವು ಮುಂದಿದ್ದೆವು. 87ನೆಯ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯೊಡ್ಡಿದ. ನಮ್ಮ ಊರಿನಲ್ಲಿ, ನಮ್ಮ ಅಂಗಳದಲ್ಲಿ, ಎಲ್ಲಿಂದಲೋ ಬಂದು ಒಂದು ಮೂಲೆಯಲ್ಲಿ ತುಂಬಿದ್ದ ಆ ಹಸಿರು-ಮರೂನಿನವರು ಅತ್ತದ್ದೂ ಕುಣಿದದ್ದೂ ನನ್ನ ಕಣ್ಣಿಗೆ ಇನ್ನೂ ಕಟ್ಟಿದೆ. ನಾನಾಗ ಕಾಲೇಜಿನಲ್ಲಿದ್ದೆ. ಸೋತದ್ದಕ್ಕಿಂತ ಹೆಚ್ಚಾಗಿ, ಅಷ್ಟು ದೂರ ಬಂದು ಹಾಗೆ ಅಳುವ ಯೋಗ ನಮಗಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಮಾವ: ಆ ಮೂಲೆಯಲ್ಲಿದ್ದವರೆಲ್ಲ ರೈಲಿನಲ್ಲಿ ಬಂದವರೆಂದು ತಿಳಿದೆಯಾ? ಎಷ್ಟೋ ಮಂದಿ ನಿಮ್ಮ ವೈಟ್‌ಫೀಲ್ಡಿನಲ್ಲಿ, ಮಾರತಹಳ್ಳಿಯಲ್ಲಿ ಬಾಡಿಗೆಗಿದ್ದು ಕಂಪ್ಯೂಟರಿನ ಕೆಲಸ ಮಾಡುವ ಬಂಗಾಳಿಗಳು. ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಬಂದವರು.

ಅಳಿಯ: ಬಲ್ಲೆ. ಪ್ರತಿವರ್ಷವೂ ಅದೇ ತಕರಾರು ನಮ್ಮಲ್ಲಿ. ಈ ಊರಿನ ನೀರು ಕುಡಿದು, ಈ ಊರಿನ ಸಂಬಳ ತಿಂದು, ಕಂಠೀರವಕ್ಕೆ ಬಂದು ಎದುರು ಪಕ್ಷಕ್ಕೆ ಜೈ ಅನ್ನುತ್ತಾರಲ್ಲ ಎಂದು.

ಮಾವ: ಹೂಂ. ಹಾಗಾದರೆ ಐವತ್ತು ವರ್ಷಕ್ಕೆ ಮೇಲ್ಪಟ್ಟು ಈ ಊರಿನ ಉಪ್ಪು ತಿಂದ ನಾನು ಏಪ್ರಿಲ್ 12ರಂದು ಎಲ್ಲಿ ಕುಳಿತಿರಬೇಕಾಗಿತ್ತು?

ಇಲ್ಲಿ ಅಳಿಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ದಿನ ಮಾವನವರು ಬಾಗಾನಿನ ಕಡೆಯ ಗ್ಯಾಲರಿಯಲ್ಲಿ, ಅಳಿಯನು ಎದುರಿನ ಮೂಲೆಯ ನೀಲಿಯ ನಡುವೆ, ಹೀಗೆ ಒಂದೇ ಮನೆಯಿಂದ ಹೊರಟು ಎರಡು ಬಾಗಿಲುಗಳಿಂದ ಒಳಹೊಕ್ಕಿದ್ದರೆಂಬುದು ನನಗೆ ಆಗಲೇ ತಿಳಿದದ್ದು. ಮುಂದಿನ ಮಾತುಗಳಿಗೆ ಬಂದ ಬಿಸಿ ಎಲ್ಲಿಂದ ಬಂತೆಂಬುದಕ್ಕೆ ಈ ಸಂಗತಿ ತಿಳಿದಿರುವುದು ಒಳ್ಳೆಯದು.

ಅಳಿಯ: ನಿಮ್ಮದು ಬೇರೆ, ಮಾವ. ಆದರೂ ಕೇಳಿದಿರಿ, ಹೇಳುತ್ತೇನೆ. ಈ ಊರಿನಲ್ಲಿ ನೆಲೆಸಿರುವ ಕನ್ನಡದವರೆಲ್ಲ ಒಂದು ದಿನದ ಮಟ್ಟಿಗೆ ನಮ್ಮ ಮೂಲೆಗೆ ಬಂದು ನಿಂತಿದ್ದರೆ, ನಮ್ಮ ದನಿ ಇನ್ನೆಷ್ಟು ಎತ್ತರಕ್ಕೆ ಹೋಗುತ್ತಿತ್ತು ಎಂದು ಆ ರಾತ್ರಿ ನನಗೆ ಅನ್ನಿಸಿತು. ನಿಮ್ಮನ್ನೇ ಮೊದಲು ನೆನೆದೆ.

ಮಾವ: ಬೆಂಗಳೂರಿನ ಬಂಗಾಳಿ ಬೆಂಗಳೂರಿನವನಾಗಬೇಕು, ಕೋಲ್ಕತ್ತಾದ ಕನ್ನಡಿಗ ಮಾತ್ರ ಬೆಂಗಳೂರಿನವನಾಗಿಯೇ ಉಳಿಯಬೇಕು. ಈ ನ್ಯಾಯ ನಿನ್ನ ನೋಟುಪುಸ್ತಕದ ಯಾವ ಅಂಕಣದಲ್ಲಿದೆ, ತೋರಿಸು. ನಾನೂ ಕೂಗಿದವನೇ ಕಣಪ್ಪ. 1968-69ರ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯ ಬೆಂಗಳೂರಿನಲ್ಲಿ ನಡೆಯಿತು, ಮೈಸೂರಿಗೂ ಬಂಗಾಳಕ್ಕೂ. ಮೊದಲ ದಿನ ಗೋಲಿಲ್ಲ; ಮತ್ತೆ ಆಡಿ ಒಂದು ಗೋಲಿನಿಂದ ಗೆದ್ದೆವು. ಮೈಸೂರು ಆ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿದೆ, ನಾಲ್ಕು ಸಲವೂ ಫೈನಲ್ಲಿನಲ್ಲಿ ಮಣಿಸಿದ್ದು ಬಂಗಾಳವನ್ನೇ. ನಾನು ಕುಳಿತಿದ್ದ ಕಡೆ ನಾಲ್ಕು ಸಾಲು ಕೆಳಗೆ, ಯಾವುದೋ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಬಂಗಾಳಿಯೊಬ್ಬ ತನ್ನ ಪುಟ್ಟ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, ಆ ಜನಸ್ತೋಮದಲ್ಲಿ ಒಬ್ಬನೇ, ತನ್ನ ಕಡೆಯವರನ್ನು ಹೆಸರು ಹಿಡಿದು ಕರೆಯುತ್ತಿದ್ದ. ನಾವು ಹುಡುಗರು ಅವನನ್ನು ಎಷ್ಟು ಗೋಳುಹೊಯ್ದುಕೊಂಡೆವೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಅವನು ಬಾಯಿ ಮುಚ್ಚಲಿಲ್ಲ. ಪರಸ್ಥಳದ ಬೆಂಬಲಿಗನೆಂದರೆ ನನಗೆ ಇಂದಿಗೂ ಕಣ್ಮುಂದೆ ಬರುವವನು ಅವನು. ಅವನು ಪಂದ್ಯಕ್ಕೆಂದು ಎಲ್ಲಿಂದಲೂ ಬಂದವನಲ್ಲ, ಪಂದ್ಯ ಮುಗಿದ ಮೇಲೆ ಎಲ್ಲಿಗೂ ಹೋಗುವವನೂ ಅಲ್ಲ. ಮರುದಿನ ಬೆಳಗ್ಗೆ ಅದೇ ಕಾರ್ಖಾನೆಗೆ ಹೋಗಿ, ಗೆದ್ದವರ ನಡುವೆಯೇ ಕುಳಿತು ಬುತ್ತಿ ಬಿಚ್ಚಬೇಕು. ನಿಮಗಾದರೆ ಹಿಂದಿರುಗುವ ರೈಲಿದೆ.

ಅಳಿಯ: ಆತ ಅಲ್ಲಿ ನೆಲೆಸಿಯೂ ತನ್ನ ಕಡೆಯವರನ್ನು ಬಿಡಲಿಲ್ಲವಲ್ಲ. ನೀವು ಬಿಟ್ಟಿರಿ.

ಮಾವ: ಬಿಟ್ಟೆನೋ, ಇಲ್ಲಿ ಕೂಡಿಕೊಂಡೆನೋ! ನಾನೊಬ್ಬನೇ ಏನು? ಅಹಮದ್ ಖಾನ್ ಬೆಂಗಳೂರಿನವರು. ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ರಲ್ಲಿ ಒಬ್ಬರಾಗಿ ಈ ಊರಿನವರಿಗೆ ಆರಾಧ್ಯರಾದರು. 1956ರ ಮೆಲ್ಬರ್ನ್ ಒಲಿಂಪಿಕ್ಸಿಗೆ ಹೋದ ನಮ್ಮ ಕೆಂಪಯ್ಯನವರು ಮೋಹನ್ ಬಾಗಾನಿಗೆ ಆಡಿದವರು. ಬೆಂಗಳೂರಿನಿಂದ ಇಲ್ಲಿಗೆ ಮೊದಲು ಬಂದವರು ಆಟಗಾರರು. ಕೂಗುವವರು ಬರುವುದಕ್ಕೆ ಮತ್ತೆ ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು. ಕೆಂಪಯ್ಯ ಎಂಬ ಹೆಸರನ್ನು ಬಂಗಾಳಿಯ ಬಾಯಲ್ಲಿ ಪ್ರೀತಿಯಿಂದ ಕೇಳಿದ ದಿನ, ಈ ಊರು ನನ್ನದೂ ಆಯಿತು. ಇನ್ನು ನಿಮ್ಮ ಛೆಟ್ರಿ! 2002ರಲ್ಲಿ ವೃತ್ತಿ ಆರಂಭಿಸಿದ್ದು ಬಾಗಾನಿನಲ್ಲಿ. ಕೈಹಿಡಿದದ್ದು ಬಾಗಾನಿನ ಹಿರಿಯ ಆಟಗಾರ ಸುಬ್ರತ ಭಟ್ಟಾಚಾರ್ಯರ ಮಗಳನ್ನು. ಈ ಊರಿನ ಅಳಿಯ. 2024ರ ಜೂನ್ 6ರಂದು ಕುವೈತಿನ ಎದುರು ದೇಶಕ್ಕಾಗಿ ಆಡಿ ವಿದಾಯ ಹೇಳಿದ್ದು ಇದೇ ಯುವಭಾರತಿಯಲ್ಲಿ. ಅಂದು ಅವನಿಗಾಗಿ ಕಣ್ಣೀರು ಹಾಕಿದವರೇ ಹತ್ತು ತಿಂಗಳ ಬಳಿಕ ಅವನು ಸೋಲಲೆಂದು ದೇವರಿಗೆ ಹರಕೆ ಹೊತ್ತರು. ಎರಡೂ ನಿಜವೇ.

ಅಳಿಯ: ಆಟಗಾರ ಅನ್ನಕ್ಕೆ ಹೋಗುತ್ತಾನೆ, ಮಾವ. ಗುತ್ತಿಗೆ ಮುಗಿದರೆ ಅಂಗಿ ಬದಲಿಸುತ್ತಾನೆ, ಬದಲಿಸಬೇಕು. ಅದರಲ್ಲಿ ದೋಷವಿಲ್ಲ. ಬೆಂಬಲಿಗನಿಗೆ ಯಾರೂ ಸಂಬಳ ಕೊಡುವುದಿಲ್ಲ. ಸಂಬಳವಿಲ್ಲದ ಕೆಲಸದಲ್ಲಿಯೂ ನಿಷ್ಠೆ ಬದಲಾದರೆ ಉಳಿಯುವುದೇನು?

ಮಾವ: ನಿನ್ನ ತಂಡ ಹುಟ್ಟಿದ್ದು 2013ರಲ್ಲಿ. ಅದಕ್ಕೆ ನಲವತ್ತು ವರ್ಷ ಮೊದಲು ನಾನು ಬದಲಾದಾಗ ಅದು ಇರಲೇ ಇಲ್ಲವಲ್ಲಯ್ಯಾ, ನಿಷ್ಠೆಯನ್ನು ಯಾರಿಗೆ ಮೀಸಲಿಡಲಿ?

(ಈ ಮಾತಿಗೆ ಇಬ್ಬರೂ ನಕ್ಕರು. ಆದರೆ ಅಳಿಯನ ಪ್ರಶ್ನೆಗೆ ಇದು ಉತ್ತರವಲ್ಲವೆಂದು ನನಗೆ ಅನಿಸಿತು, ಅವನಿಗೂ ಅನಿಸಿರಬೇಕು.)

ಅಳಿಯ: ಆಗಲಿ. ಆ ದಿನದ ಮಾತಿಗೇ ಬರೋಣ. 49ನೆಯ ನಿಮಿಷದಲ್ಲಿ ನಿಮ್ಮ ಆಲ್ಬರ್ಟೊ ಚೆಂಡನ್ನು ತನ್ನ ಬಲೆಗೇ ಹೊಡೆದುಕೊಂಡ. 72ರಲ್ಲಿ ಕಮಿಂಗ್ಸ್ ಪೆನಾಲ್ಟಿಯಿಂದ ಸಮಮಾಡಿದ. ನಡುವೆ ಇಪ್ಪತ್ತಮೂರು ನಿಮಿಷ. ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ಆ ಇಪ್ಪತ್ತಮೂರು ನಿಮಿಷ ಕೇಳಿಸಿದ್ದು ನಮ್ಮ ದನಿ. ಮುಂದೆ 96ರಲ್ಲಿ ಮ್ಯಾಕ್ಲಾರೆನ್ ಹೊಡೆದ, ಸೋತೆವು, ಎಲ್ಲ ಸರಿ. ಮೂರು ದಿನದ ರಜೆ, ಸಾಲದ ಟಿಕೇಟು, ತೆರೆದ ಗಂಟಲು, ಇಷ್ಟೂ ಆ ಇಪ್ಪತ್ತಮೂರು ನಿಮಿಷಕ್ಕೇ ಸಂದಾಯವಾಯಿತೆಂದು ನಾನು ಹೇಳಿದರೆ ನೀವು ನಗುತ್ತೀರಿ.

ಮಾವ: ನಗುವುದಿಲ್ಲ. ನನಗೂ ಕೇಳಿಸಿತು. ನಮ್ಮ ಪಕ್ಕದವನೊಬ್ಬ, ‘ಎಷ್ಟು ಜನ ಇದ್ದಾರೆ ಇವರು, ಇಷ್ಟು ಕೂಗುತ್ತಾರೆ’ ಎಂದು ಬಂಗಾಳಿಯಲ್ಲಿ ಗೊಣಗಿಕೊಂಡ. ನಮ್ಮ ತಂಗಿಯ ಮಗ ಅಲ್ಲಿದ್ದಾನೆ ಎಂದು ಬಾಯಿಯವರೆಗೆ ಬಂತು; ಹೇಳಲಿಲ್ಲ.

ಅಳಿಯ: ಏಕೆ ಹೇಳಲಿಲ್ಲ?

ಮಾವ: ನಾವು ಸೋಲುತ್ತಿದ್ದೆವಪ್ಪ!

ಅಳಿಯ: ನೋಡಿದಿರಾ. ನೀವು ಅಲ್ಲಿ ಕುಳಿತು ಬಾಯಿಬಿಡದೆ ಮುಚ್ಚಿಟ್ಟದ್ದನ್ನೇ ನಾವು ಅಂಗಿ ಚೀಲದಲ್ಲಿಟ್ಟು ಮುಚ್ಚಬೇಕೆಂದು ಹೇಳುತ್ತೀರಿ.

ಮಾವ: ಮಾತಿನಲ್ಲಿ ಹಿಡಿದೆ, ಒಪ್ಪಿದೆ. ಆದರೂ ಒಂದನ್ನು ತಿಳಿ. ಈ ಊರಿಗೆ ದೂರದಿಂದ ಬಂದು ಆಟ ನೋಡುವುದು ಹೊಸದಲ್ಲ. 1911ರ ಜುಲೈ 29ರಂದು ಬಾಗಾನಿನವರು ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಶೀಲ್ಡ್ ಗೆದ್ದರಲ್ಲ, ಅಂದು ಜಿಲ್ಲೆಜಿಲ್ಲೆಗಳಿಂದ ರೈಲಿನಲ್ಲಿಯೂ ದೋಣಿಯಲ್ಲಿಯೂ ಜನ ಬಂದರು. ಮುಂದಿನವರ ಬೆನ್ನುಗಳನ್ನು ಬಿಟ್ಟರೆ ಏನೂ ಕಾಣದೆ ಹಿಂದೆ ನಿಂತವರಿಗೆ, ಗೋಲುಗಳ ಲೆಕ್ಕವನ್ನು ಗಾಳಿಪಟ ಹಾರಿಸಿ ತಿಳಿಸಿದರಂತೆ. ಪಟವನ್ನು ನೋಡಿ ಹಿಂದಿರುಗಿದವರೂ ತಾವು ಶೀಲ್ಡ್ ನೋಡಿದೆವೆಂದೇ ಮೊಮ್ಮಕ್ಕಳಿಗೆ ಹೇಳಿದರು. ಅವರಿಗೆ ಎದುರಾಳಿಯ ಮುಂದೆ ಕಾಣಿಸಿಕೊಳ್ಳಬೇಕೆಂಬ ಚಪಲವಿರಲಿಲ್ಲ. ಊರು ನೋಡಿದರು, ಗಂಗಾಸ್ನಾನ ಮಾಡಿದರು, ಸಂಬಂಧಿಕರ ಮನೆಯಲ್ಲಿ ಉಂಡರು. ನೀವಾದರೋ ರೈಲು, ಲಾಡ್ಜು, ಮೂಲೆಯ ಗ್ಯಾಲರಿ, ಮತ್ತೆ ರೈಲು. ಏಪ್ರಿಲಿನಲ್ಲಿ ಬಂದವರಲ್ಲಿ ಎಷ್ಟು ಮಂದಿ ಜೋಡಾಸಾಂಕೋ ಕಡೆಗೆ ತಲೆಹಾಕಿದರು? ಇಷ್ಟು ದೂರ ಬಂದು ಊರನ್ನೇ ನೋಡದೆ ಹೋಗುವುದು ಊರಿಗೆ ಮಾಡುವ ಅಗೌರವವೆಂದು ನನ್ನ ಭಾವನೆ.

ಅಳಿಯ: ಊರು ನೋಡಲು ಯಾವಾಗ ಬೇಕಾದರೂ ಬರಬಹುದು. ರಜೆ ಮೂರೇ ದಿನ. ಆದರೆ ಒಂದು ಮಾತು ಹೇಳಲೇ? ಜೋಡಾಸಾಂಕೋ ನೋಡಿದವನಿಗೆ ಊರು ತನ್ನ ಸಿಂಗಾರವನ್ನು ತೋರಿಸುತ್ತದೆ. ಎದುರು ಪಕ್ಷದ ಅಂಗಿ ತೊಟ್ಟು ಬಂದವನಿಗೆ ಅದು ಸಿಂಗಾರ ಮಾಡಿಕೊಳ್ಳದೆ ಎದುರಾಗುತ್ತದೆ. ಬೈಯುತ್ತದೆ, ಅಣಕಿಸುತ್ತದೆ, ಕೊನೆಗೆ ಯಾರೋ ಒಬ್ಬ ಕರೆದು ಮಣ್ಣಿನ ಭಾಂಡದಲ್ಲಿ ಚಹ ಕೊಡಿಸುತ್ತಾನೆ. ನನಗೆ ಆ ಚಹ ಕೊಡಿಸಿದವನು ಅರ್ಧ ಗಂಟೆ ಹಿಂದೆ ನನ್ನ ಇಡೀ ವಂಶವನ್ನು ಜಾಲಾಡಿದ್ದವನೇ.

ಮಾವ: ಅದು ಈ ಊರಿನ ಗುಣ. 2024ರ ಆಗಸ್ಟ್ 18ರಂದು ಆರ್.ಜಿ. ಕರ್ ಆಸ್ಪತ್ರೆಯ ಪ್ರಕರಣದ ಗಲಭೆಯಿಂದಾಗಿ ಡ್ಯುರಾಂಡ್ ಕಪ್ಪಿನ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯವನ್ನು ರದ್ದು ಮಾಡಿದಾಗ, ಎರಡೂ ಕಡೆಯವರು ಅದೇ ಕ್ರೀಡಾಂಗಣದ ಹೊರಗೆ ಸೇರಿ, ಒಂದೇ ಕೂಗು ಕೂಗಿ, ಪೊಲೀಸರ ಲಾಠಿಯನ್ನು ಜೊತೆಯಲ್ಲಿಯೇ ತಿಂದರು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕುಳಿತಿದ್ದ ಚಿತ್ರವನ್ನು ನೀನೂ ನೋಡಿರಬೇಕು.

ಅಳಿಯ: ನೋಡಿದೆ. ಆದರೆ ಅದು ಅಣ್ಣತಮ್ಮಂದಿರ ಒಗ್ಗಟ್ಟು. ಹೊರಗಿನವನಿಗೂ ಆ ಹೆಗಲು ಸಿಕ್ಕೀತೇ?

ಮಾವ: ಸಿಕ್ಕೀತೆಂದು ನಾನು ಮಾತು ಕೊಡಲಾರೆ. ನನಗೆ ಸಿಕ್ಕಿತು, ನಾನು ಅಂಗಿ ಬದಲಿಸಿದ್ದೆ.

ಅತ್ತೆಯವರು ಈ ಹೊತ್ತಿಗೆ ಎರಡನೆಯ ಸಲ ಕಾಫಿ ತಂದಿಟ್ಟು, ನಲವತ್ತು ಮಂದಿಯಲ್ಲಿ ಹತ್ತು ಜನಕ್ಕೆ ಭಾನುವಾರ ಮಧ್ಯಾಹ್ನದ ಊಟ ಇಲ್ಲಿಯೇ ಎಂದೂ, ಹತ್ತಕ್ಕಿಂತ ಒಬ್ಬ ಹೆಚ್ಚಾದರೂ ಆಗದೆಂದೂ, ಸೋತರೂ ಗೆದ್ದರೂ ಊಟದ ಹೊತ್ತಿಗೆ ಹಾಡು ಕೂಡದೆಂದೂ ಸಾರಿ ಒಳಗೆ ಹೋದರು. ಇಡೀ ಬೆಳಗ್ಗೆ ಆದ ನಿರ್ಣಯಗಳಲ್ಲಿ ಪಕ್ಕಾ ಎಂದು ಹೇಳಬಹುದಾದದ್ದು ಇದೊಂದೇ.

ಅಳಿಯ: ಇನ್ನೊಂದು ಉಪಕಾರ ಬೇಕಾಗಿದೆ. ಬ್ಯಾನರಿಗೂ ತಮಟೆಗೂ ಮೊದಲೇ ಅನುಮತಿ ಬೇಕಂತೆ. ನಾವು ಇಂಗ್ಲಿಷಿನಲ್ಲಿ ಬರೆದರೆ ಉತ್ತರ ಬರುವುದಿಲ್ಲ. ನೀವು ಬಂಗಾಳಿಯಲ್ಲಿ ಒಂದು ಅರ್ಜಿ ಬರೆದುಕೊಟ್ಟರೆ...

ಮಾವ: ಬಾಗಾನಿನ ಸದಸ್ಯನಾದ ನಾನು, ಬಾಗಾನಿನ ವಿರುದ್ಧ ತಮಟೆ ಬಾರಿಸಲು ಅಪ್ಪಣೆ ಕೇಳಬೇಕೋ?

ಅಳಿಯ: ನಿಮ್ಮ ಹೆಸರು ಹಾಕಬೇಡಿ. ಅಕ್ಷರ ಮಾತ್ರ ನಿಮ್ಮದಿರಲಿ.

ಮಾವ: ನನ್ನ ಅಕ್ಷರವನ್ನು ಕ್ಲಬ್ಬಿನಲ್ಲಿ ಬಲ್ಲವರಿದ್ದಾರೆ. ಆಗಲಿ, ಆ ಪೆನ್ನು ಕೊಡು. ತಮಟೆ ಎಷ್ಟು?

ಅಳಿಯ: ನಾಲ್ಕು.

ಮಾವ: ಎರಡು ಕೇಳಿದರೆ ಕೊಟ್ಟಾರು. ಬ್ಯಾನರಿನಲ್ಲಿ ಏನು ಬರೆದಿದೆ? ಕನ್ನಡವೋ ಇಂಗ್ಲಿಷೋ?

ಅಳಿಯ: ಕನ್ನಡ. ಅವರಿಗೆ ಅರ್ಥವಾಗುವುದಿಲ್ಲ.

ಮಾವ: ನನಗೆ ಅರ್ಥವಾಗುತ್ತದೆ, ನಾನು ಎದುರಿಗೇ ಕುಳಿತಿರುತ್ತೇನೆ, ಆದುದರಿಂದ ಒಪ್ಪುವಂಥದ್ದನ್ನೇ ಬರೆಯಿರಿ. ಉದ್ದ ಎಷ್ಟು? ಅಳತೆ ಹೇಳದ ಅರ್ಜಿಯನ್ನು ಪೊಲೀಸರು ಮುಟ್ಟುವುದಿಲ್ಲ.

ಅಳಿಯ: ಇಪ್ಪತ್ತಡಿ.

ಮಾವ: ಹತ್ತೆಂದು ಬರೆಯುತ್ತೇನೆ.

ಅಳಿಯ: ಬಟ್ಟೆ ಆಗಲೇ ಹೊಲಿದಾಗಿದೆ, ಮಾವ. ಇಪ್ಪತ್ತು.